ಒಲೆಯಿಲ್ಲದ ಕೋಣೆ

“ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ” ಎಂಬ ಗಾದೆಯನ್ನು ಕೇಳದವರು ನಮ್ಮಲ್ಲಿ ಇರಲಾರರು. ಆದರೆ ಆ ಗಾದೆಯನ್ನು ಕಟ್ಟಿದ ಹಿರಿಯನು ಮನೆಯಲ್ಲಿ ಕುಳಿತು ಉಂಡವನೇ ಇರಬೇಕು. ಹಿಂದೆ ಒಲೆ, ಮುಂದೆ ಎಲೆ, ಪಕ್ಕದಲ್ಲಿ ಬಡಿಸುವ ಕೈ, ಈ ಮೂರೂ ಅವನಿಗಿದ್ದವು. ಊರು ಬಿಟ್ಟು ಓದಲು ಬಂದು, ಬಾಡಿಗೆಯ ಕೋಣೆಯನ್ನೋ ವಿದ್ಯಾರ್ಥಿನಿಲಯದ ಒಂದು ಮೂಲೆಯನ್ನೋ ಹಿಡಿದು ಬದುಕುವ ಹುಡುಗನಿಗೆ ಇವುಗಳಲ್ಲಿ ಒಂದಾದರೂ ಇಲ್ಲ. ಅವನು ಊಟ ಬಲ್ಲವನಾಗುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ನಾನು ನನ್ನ ದೇಹವನ್ನೇ ಪಣವಾಗಿ ಒಡ್ಡಬೇಕಾಯಿತು. ಆ ಕಥೆ ಇಂದಿನ ವಿದ್ಯಾರ್ಥಿಗಳಿಗೆ ಉಪಯೋಗಕ್ಕೆ ಬಂದೀತೆಂದು ಇಲ್ಲಿ ಹೇಳುತ್ತಿದ್ದೇನೆ.

ಕನ್ನಡ ನಾಡಿನ ವಿದ್ಯೆಯ ಚರಿತ್ರೆಯನ್ನು ಬರೆಯುವವರು ಅನ್ನದ ಚರಿತ್ರೆಯನ್ನೂ ಜತೆಯಲ್ಲಿಯೇ ಬರೆಯಬೇಕಾಗುತ್ತದೆ. ವಾರಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡು, ಸೋಮವಾರ ಒಬ್ಬರಲ್ಲಿ, ಮಂಗಳವಾರ ಮತ್ತೊಬ್ಬರಲ್ಲಿ ಉಂಡು ಓದಿದ ತಲೆಮಾರೊಂದಿತ್ತು. ಅದಕ್ಕೆ ವಾರಾನ್ನವೆಂದು ಹೆಸರು. ಎಸ್. ಎಲ್. ಭೈರಪ್ಪನವರ ಆತ್ಮವೃತ್ತಾಂತವಾದ ‘ಭಿತ್ತಿ’ಯನ್ನು ಓದಿದವರಿಗೆ ಆ ಕಾಲದ ಬಡ ವಿದ್ಯಾರ್ಥಿಯ ಹಸಿವೂ ಅದರೊಡನೆ ನುಂಗಬೇಕಾಗಿದ್ದ ಸಂಕೋಚವೂ ತಿಳಿದಿವೆ. ಮಠಗಳು ಈ ಭಾರವನ್ನು ಹೊತ್ತವು. ಧಾರವಾಡದ ಮುರುಘಾಮಠದ ಪ್ರಸಾದನಿಲಯವನ್ನು ನೆನೆಯುವ ಹಿರಿಯರು ಇಂದಿಗೂ ಇದ್ದಾರೆ. ತುಮಕೂರಿನ ಸಿದ್ಧಗಂಗೆಯಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ದಾಸೋಹದಲ್ಲಿ ಉಂಡು ಓದಿದವರು ಅಸಂಖ್ಯ. ಇಂಥ ಕಡೆಗಳಲ್ಲಿ ಏನು ತಿನ್ನಬೇಕೆಂಬ ಚಿಂತೆಯನ್ನು ವಿದ್ಯಾರ್ಥಿಯ ಪರವಾಗಿ ಬೇರೊಬ್ಬರು ಮಾಡುತ್ತಿದ್ದರು. ಒಲೆಯಿಲ್ಲದ ಕೋಣೆಯಲ್ಲಿ ಆ ಚಿಂತೆ ಅವನ ತಲೆಯ ಮೇಲೆಯೇ ಬೀಳುತ್ತದೆ.

ನಾನು ಧಾರವಾಡಕ್ಕೆ ಬಂದದ್ದು 1978ರ ಜೂನ್ ತಿಂಗಳಲ್ಲಿ. ವಿದ್ಯಾರ್ಥಿನಿಲಯದಲ್ಲಿ ಸ್ಥಳ ಸಿಗಲಿಲ್ಲ. ಹಂಚಿನ ಮನೆಯೊಂದರ ಹಿತ್ತಿಲ ಕೋಣೆ ಬಾಡಿಗೆಗೆ ದೊರೆಯಿತು. ಮನೆಯೊಡತಿ ವೃದ್ಧೆ, ಮನಸ್ಸು ಒಳ್ಳೆಯದು. ಕೀಲಿಕೈ ಕೊಡುವಾಗ ಒಂದೇ ಒಂದು ಕರಾರು ಹಾಕಿದರು: “ತಮ್ಮಾ, ನೀರು ಎಷ್ಟ ಬೇಕಾದ್ರೂ ತಗೋ, ರಾತ್ರಿ ಎಷ್ಟೊತ್ತಾದ್ರೂ ದೀಪಾ ಹಚ್ಚಿ ಓದು. ಆದ್ರ ಕ್ವಾಣ್ಯಾಗ ಸ್ಟೋವ್ ಮಾತ್ರ ಹಚ್ಚಬ್ಯಾಡ. ಹಿಂದಕೊಮ್ಮೆ ಬೆಂಕಿ ಬಿದ್ದು ಅರ್ಧ ಮನಿ ಹೋಗೇದ.” ನಾನು ಒಪ್ಪಿದೆ.

ಮೊದಲಿಗೆ ಕಷ್ಟವೇನೂ ಆಗಲಿಲ್ಲ. ಉತ್ತರ ಕರ್ನಾಟಕದ ವಿದ್ಯಾರ್ಥಿಗಳಿಗೆ ಬಸ್ಸೇ ಅಡುಗೆಮನೆ ಎಂಬ ಮಾತು ಪೂರ್ತಿ ವಿನೋದವಲ್ಲ. ಊರಿನಲ್ಲಿ ತಾಯಿ ಕಟ್ಟಿಕೊಟ್ಟ ಬುತ್ತಿಯನ್ನು ಬಸ್ಸಿನ ಕಂಡಕ್ಟರರು ತಂದು ನಿಲ್ದಾಣದಲ್ಲಿ ಕೊಡುತ್ತಿದ್ದರು. ವಾರಕ್ಕೊಮ್ಮೆ ನನಗೂ ಬುತ್ತಿ ಬರುತ್ತಿತ್ತು. ವಾರವಾದರೂ ಕೆಡದ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಒಂದು ಉಂಡೆ ಬೆಲ್ಲ. ಆದರೆ ಪಟ್ಟಣದ ಗೆಳೆಯರಿಬ್ಬರು ಒಂದು ದಿನ ಕೋಣೆಗೆ ಬಂದು, ಆ ರೊಟ್ಟಿಯನ್ನು ಬೆರಳಿನಿಂದ ತಟ್ಟಿ, “ಇದನ್ನು ಬಾರಿಸುತ್ತೀಯೋ ತಿನ್ನುತ್ತೀಯೋ?” ಎಂದು ನಕ್ಕರು. ಹದಿನೆಂಟರ ವಯಸ್ಸಿನಲ್ಲಿ ನಗೆಯಷ್ಟು ಹರಿತವಾದ ಆಯುಧ ಮತ್ತೊಂದಿಲ್ಲ. ಅಂದು ರಾತ್ರಿಯೇ ಊರಿಗೆ ಕಾಗದ ಬರೆದೆ: “ಇಲ್ಲಿ ಊಟಕ್ಕೆ ಯಾವ ಕೊರತೆಯೂ ಇಲ್ಲ. ಇನ್ನು ಮುಂದೆ ಬುತ್ತಿ ಕಳಿಸಬೇಡ.”

ಅಲ್ಲಿಂದ ನನ್ನ ಅವನತಿ ಮೊದಲಾಯಿತು. ಖಾನಾವಳಿಯಲ್ಲಿ ದಿನಕ್ಕೆ ಎರಡು ಊಟ ಮಾಡುವಷ್ಟು ಹಣವಿರಲಿಲ್ಲ; ಇದ್ದ ಹಣದಲ್ಲಿ ಪುಸ್ತಕಗಳ ಆಸೆಯೂ ಪಾಲು ಕೇಳುತ್ತಿತ್ತು. ಬೆಳಗ್ಗೆ ಚಹಾ, ಮಧ್ಯಾಹ್ನ ಬ್ರೆಡ್ಡು, ಸಂಜೆ ಭಜಿ, ರಾತ್ರಿ ಮತ್ತೆ ಚಹಾ. ಹಸಿವು ಅಡಗಿದರೆ ಊಟವಾಯಿತೆಂದು ಭಾವಿಸಿದ್ದೆ. ಅಕ್ಟೋಬರ್ ಬರುವ ಹೊತ್ತಿಗೆ ಹಲ್ಲುಜ್ಜುವಾಗ ವಸಡಿನಿಂದ ರಕ್ತ ಬರತೊಡಗಿತು. ಓದಿದ ಪುಟವನ್ನೇ ಮತ್ತೆ ಮತ್ತೆ ಓದುತ್ತಿದ್ದೆ. ಒಂದು ಮಧ್ಯಾಹ್ನ ಗ್ರಂಥಾಲಯದ ಮೆಟ್ಟಿಲುಗಳ ಮೇಲೆ ಕಣ್ಣು ಕತ್ತಲೆಗಟ್ಟಿ ಕುಸಿದೆ. ವೈದ್ಯರು ನನ್ನ ನಾಡಿಗಿಂತ ಹೆಚ್ಚು ಹೊತ್ತು ನನ್ನ ಊಟದ ವಿಚಾರಣೆ ಮಾಡಿದರು. ಕೊನೆಗೆ, “ನಿನಗೆ ಬೇಕಾದ ಔಷಧ ನನ್ನಲ್ಲಿಲ್ಲಪ್ಪಾ, ಸಂತೆಯಲ್ಲಿದೆ. ದಿನಕ್ಕೊಂದು ಪೇರಲ ಹಣ್ಣು ತಿನ್ನು, ಕಾಳು ತಿನ್ನು, ಮೊಸರು ತಿನ್ನು” ಎಂದು ಕಳುಹಿಸಿದರು. ಪೇರಲಕ್ಕೆ ಹೆಸರಾದ ಧಾರವಾಡದಲ್ಲಿ ಕುಳಿತು, ನಾನು ಆ ಹಣ್ಣಿಲ್ಲದೆ ಸೊರಗಿದ್ದೆ!

ಅದೇ ದಿನಗಳಲ್ಲಿ ತುಮಕೂರಿನ ಕಡೆಯ ಹುಡುಗನೊಬ್ಬ ನನ್ನ ಕೋಣೆಗೆ ಜೊತೆಗಾರನಾಗಿ ಬಂದ. ಅವನ ಪೆಟ್ಟಿಗೆಯಲ್ಲಿ ಪುಸ್ತಕಗಳಿಗಿಂತ ಮೇಲೆ ಒಂದು ಡಬ್ಬಿಯಿತ್ತು, ಅದರಲ್ಲಿ ಹುರಿಹಿಟ್ಟು. ರಾಗಿಯನ್ನು ಅರಳಿಸಿ ಹುರಿದು ಬೀಸಿದ ಈ ಹಿಟ್ಟಿಗೆ ಮತ್ತೆ ಬೆಂಕಿ ಬೇಡ. ಹಾಲನ್ನೋ ಮಜ್ಜಿಗೆಯನ್ನೋ ಬೆರೆಸಿ, ಬೆಲ್ಲ ಪುಡಿಮಾಡಿ ಹಾಕಿ ಕಲೆಸಿದರೆ ಊಟ ಸಿದ್ಧ. “ಒಲೆಯಿಲ್ಲ ಅಂತ ಅಳ್ತೀಯಲ್ಲೋ, ನಮ್ಮಜ್ಜಿ ರಾಮನವಮಿ ದಿನ ಒಲೆ ಹಚ್ಚಿ ಕೋಸಂಬರಿ ಮಾಡ್ತಾರೇನೋ?” ಎಂದು ಅವನು ಕೇಳಿದಾಗ ನನ್ನ ಕಣ್ಣು ತೆರೆಯಿತು. ನಿಜ, ನೆನೆಸಿದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ತುರಿದ ಕ್ಯಾರೆಟ್ಟು, ಒಂದಿಷ್ಟು ಕಾಯಿತುರಿ, ನಿಂಬೆಯ ಹುಳಿ! ನಮ್ಮ ಹಬ್ಬದ ಅಡುಗೆಯಲ್ಲಿಯೇ ಒಲೆಯಿಲ್ಲದ ಅಡುಗೆಯೂ ಅಡಗಿತ್ತು.

ಅಂದಿನಿಂದ ನಮ್ಮ ಕೋಣೆಯ ಕಿಟಕಿಯೇ ಪಾಕಶಾಲೆಯಾಯಿತು. ರಾತ್ರಿ ಒಂದು ಹಿಡಿ ಹೆಸರುಕಾಳು ನೆನೆಹಾಕಿ, ಬೆಳಗ್ಗೆ ನೀರು ಬಸಿದು, ತೊಳೆದ ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದರೆ ಮರುದಿನ ಮೊಳಕೆ. ಗಟ್ಟಿ ಅವಲಕ್ಕಿಯನ್ನು ತೊಳೆದು ನೆನೆಯಿಟ್ಟು ಮೊಸರಿನಲ್ಲಿ ಕಲೆಸಿದರೆ ಬೆಳಗಿನ ಉಪಾಹಾರ. ಹೆಸರುಗಳ ವಿಷಯದಲ್ಲಿ ಮಾತ್ರ ನಿತ್ಯವೂ ಕಲಹ. ನಾನು ಶೇಂಗಾ ಎಂದರೆ ಅವನು ಕಡಲೆಕಾಯಿ ಎನ್ನುವನು; ನಾನು ಪುಠಾಣಿ ಎಂದರೆ ಹುರಿಗಡಲೆ; ಚುರುಮುರಿ ಎಂದರೆ ಕಡಲೆಪುರಿ; ಪೇರಲ ಎಂದರೆ ಸೀಬೆ. ಕರ್ನಾಟಕದ ಏಕೀಕರಣ 1956ರಲ್ಲಿಯೇ ಆಗಿದ್ದರೂ ನಮ್ಮ ಕೋಣೆಯಲ್ಲಿ ಅದು ಪೂರ್ಣಗೊಂಡದ್ದು ಒಂದು ತಟ್ಟೆಯ ಮುಂದೆ.

ಈ ಬಡವರ ಆಹಾರದಲ್ಲಿ ಎಷ್ಟು ಶಾಸ್ತ್ರವಿದೆಯೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ನರು ಆರಂಭಿಸಿದ ಸಂಶೋಧನೆಯ ಘಟಕವೇ 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದು ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿ ಬೆಳೆದಿದೆ. ಮೆಕ್‌ಕ್ಯಾರಿಸನ್ನರು ಇಲಿಗಳಿಗೆ ಭಾರತದ ಬೇರೆ ಬೇರೆ ಪ್ರಾಂತಗಳ ಊಟವನ್ನು ಉಣಿಸಿ ನೋಡಿದರು. ಇಡಿಯ ಗೋಧಿ, ಹಾಲು, ಬೇಳೆ, ಸೊಪ್ಪು ತರಕಾರಿಗಳನ್ನು ತಿಂದ ಇಲಿಗಳು ಪುಷ್ಟವಾದವು. ಬಹುಪಾಲು ಅಕ್ಕಿಯನ್ನೇ ತಿಂದವು ಸೊರಗಿದವು. ಹೊಟ್ಟೆ ತುಂಬುವುದು ಬೇರೆ, ಮೈ ತುಂಬುವುದು ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆ ಸಂಸ್ಥೆಯವರು 2024ರಲ್ಲಿ ಹೊರತಂದ ಆಹಾರಸೂತ್ರಗಳೂ, ತಟ್ಟೆಯ ಅರ್ಧಭಾಗ ಹಣ್ಣು ತರಕಾರಿಗಳಿಗೆ ಮೀಸಲಾಗಿರಲಿ ಎನ್ನುತ್ತವೆ.

ಜೋಳ ರಾಗಿಗಳ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ; ಬೇಳೆಕಾಳುಗಳಲ್ಲಿ ಅದು ಧಾರಾಳ. ಎರಡನ್ನೂ ಕೂಡಿಸಿ ಉಂಡರೆ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ. ಗೆಳೆಯರು ನಕ್ಕ ರೊಟ್ಟಿಗೆ ಕಾಳು ಜತೆಗೂಡುತ್ತಿದ್ದ ಹಾಗೆ! 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಸಸಾರಜನಕವಿದೆ. ಅಷ್ಟೇ ತೂಕದ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಅಂಶ. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿರುವ ‘ಸಿ’ ಜೀವಸತ್ವ ಮೊಳಕೆಯೊಡೆದಾಗ ಹುಟ್ಟುತ್ತದೆ. ಒಂದು ಪೇರಲ ಹಣ್ಣಿನಲ್ಲಂತೂ ಆ ಜೀವಸತ್ವ ದಿನದ ಅಗತ್ಯಕ್ಕೆ ಸಾಕಾಗಿ ಉಳಿಯುವಷ್ಟಿದೆ. ಕಾಳಿನ ಮೇಲೆ ನಿಂಬೆ ಹಿಂಡಿದರೆ ಅದರ ಕಬ್ಬಿಣ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಹತ್ತದೆ ಹೋಗುತ್ತದೆ.

ಕೆಲವು ಎಚ್ಚರಿಕೆಗಳನ್ನೂ ಹೇಳಬೇಕು. ಮೊಳಕೆಗೆ ಶುದ್ಧವಾದ ನೀರು ಬೇಕು, ಬೆಳಗ್ಗೆ ಸಂಜೆ ತೊಳೆಯಬೇಕು. ಲೋಳೆಯಾದರೆ, ವಾಸನೆ ಬಂದರೆ ಮೋಹ ತೊರೆದು ಚೆಲ್ಲಬೇಕು. ಬೂಸ್ಟು ಹಿಡಿದ ಕಹಿ ಶೇಂಗಾ ವಿಷಕ್ಕೆ ಸಮಾನ. ಬೀದಿಯಲ್ಲಿ ಕತ್ತರಿಸಿಟ್ಟ ಹಣ್ಣಿಗಿಂತ ಇಡಿಯ ಹಣ್ಣನ್ನು ಕೊಂಡು, ತೊಳೆದು, ಆಗಲೇ ತಿನ್ನುವುದು ಲೇಸು. ದಿನಕ್ಕೊಂದು ಬಿಸಿಯೂಟ ಹೊರಗೆ ದೊರೆಯುವಂತಿದ್ದರೆ ಅದರಲ್ಲಿ ಸೊಪ್ಪು, ಸಾರು, ಬೇಳೆಗಳನ್ನು ಕೇಳಿ ಹಾಕಿಸಿಕೊಳ್ಳಲು ನಾಚಬಾರದು.

ಮೈ ಸುಧಾರಿಸಿದ ಮೇಲೆ ದೀಪಾವಳಿಗೆ ಊರಿಗೆ ಹೋದೆ. ಬಸ್ಸಿನಿಂದ ಇಳಿದಾಗ ಅವ್ವ ನಿಲ್ದಾಣದಲ್ಲಿಯೇ ಇದ್ದಳು. ನಾನು ಬರುವ ಸುದ್ದಿಯನ್ನು ತಿಳಿಸಿರಲಿಲ್ಲ. ಕಂಡಕ್ಟರನೇ ನಗುತ್ತ ಹೇಳಿದ: “ನಿಮ್ಮವ್ವ ಪ್ರತಿ ಸೋಮವಾರ ಬರ್ತಾಳ. ಬುತ್ತಿ ಕೊಡೂದಿಲ್ಲ. ನನ್ನ ಮಗ ಕಂಡಿದ್ನೇನಪಾ, ತೆಳ್ಳಗ ಆಗ್ಯಾನೇನು ಅಂತ ಕೇಳಿ ಹೋಗ್ತಾಳ.” ನಾನು ತಲೆಯೆತ್ತಲಾರದೆ ನಿಂತೆ. ಅವ್ವ ನನ್ನ ಕೆನ್ನೆ ಸವರಿ, “ಕಾಗದದಾಗ ಬರದಿದ್ದು ಸುಳ್ಳು ಅಂತ ನನಗ ಅವತ್ತ ಗೊತ್ತಾಗಿತ್ತು” ಎಂದಳು. ಮುಂದಿನ ವಾರದಿಂದ ಮತ್ತೆ ಬುತ್ತಿ ಬರತೊಡಗಿತು, ಇಬ್ಬರಿಗೆ ಸಾಕಾಗುವಷ್ಟು.

ನನ್ನ ತಂಗಿಯ ಮೊಮ್ಮಗಳು ಈಗ ಬೆಂಗಳೂರಿನಲ್ಲಿ ಓದುತ್ತಿದ್ದಾಳೆ. ಅವಳ ಕೋಣೆಯಲ್ಲಿಯೂ ಒಲೆಗೆ ಅನುಮತಿಯಿಲ್ಲ. ನನಗಿಲ್ಲದ ಅನುಕೂಲವೊಂದು ಅವಳಿಗಿದೆ: ಮೊಬೈಲಿನಲ್ಲಿ ಬೆರಳಾಡಿಸಿದರೆ ಊಟ ಬಾಗಿಲಿಗೆ ಬರುತ್ತದೆ. ಆದರೂ ತಿಂಗಳ ಕೊನೆಯಲ್ಲಿ ಹಣ ಮುಗಿದಾಗ ಉಪ್ಪು ತುಂಬಿದ ನೂಡಲ್ಸ್ ಪೊಟ್ಟಣಗಳೇ ಗತಿಯೆಂದು ಅವಳ ಮಾತಿನಿಂದ ಊಹಿಸಿದೆ. “ಊಟ ಸರಿಯಾಗಿ ಆಗ್ತದೇನವ್ವಾ?” ಎಂದು ಕೇಳಿದರೆ, “ಏನೂ ಕೊರತೆಯಿಲ್ಲ ಅಜ್ಜಾ” ಎಂದಳು. ಆ ವಾಕ್ಯ ನನಗೆ ಪರಿಚಿತವಾದದ್ದು. ನಾನು ಉಪದೇಶ ಮಾಡಲಿಲ್ಲ. ಒಂದು ಸೇರು ಹೆಸರುಕಾಳು, ಹುರಿಹಿಟ್ಟಿನ ಡಬ್ಬಿ, ಶೇಂಗಾ ಹಿಂಡಿ, ಇಪ್ಪತ್ತು ಕಟಕ ರೊಟ್ಟಿ ಇಷ್ಟನ್ನು ಕಟ್ಟಿಸಿ ಬಸ್ಸಿಗೆ ಕೊಟ್ಟು ಬಂದೆ.

ಹದಿನೈದು ದಿನಗಳ ನಂತರ ಅವಳಿಂದ ಒಂದು ಚಿತ್ರ ಬಂತು. ಕಿಟಕಿಯ ಸರಳಿಗೆ ಕಟ್ಟಿದ ಬಿಳಿಯ ಕರವಸ್ತ್ರ. ಅದರ ನೇಯ್ಗೆಯನ್ನು ತೂರಿ ಹೊರಗೆ ಇಣುಕುತ್ತಿರುವ ಬೆಳ್ಳನೆಯ ಮೊಳಕೆಗಳು. ಕೆಳಗೆ ಒಂದು ಸಾಲು ಬರೆದಿದ್ದಳು: “ಅಜ್ಜಾ, ರೊಟ್ಟಿ ಮುಗಿದವು. ನನ್ನ ಗೆಳತಿಯರೂ ಕೇಳುತ್ತಿದ್ದಾರೆ.”