ವಿರಳ ಲೋಹ ಹೆಕ್ಕುವ ಬ್ಯಾಕ್ಟೀರಿಯಾ

ವಿದ್ಯುತ್ ಕಾರಿನ ಮೋಟಾರು, ಗಾಳಿಯಂತ್ರದ ಜನರೇಟರು, ಮೊಬೈಲ್ ಫೋನಿನ ಸ್ಪೀಕರು ಮುಂತಾದವುಗಳಲ್ಲಿ ವಿರಳ ಭೂಲೋಹಗಳ ಆಯಸ್ಕಾಂತಗಳಿರುತ್ತವೆ. ಈ ಗುಂಪಿನ ಲೋಹಗಳು ಒಟ್ಟು 17. ಹೆಸರಿಗೆ ವಿರಳವಾದರೂ ಭೂಮಿಯಲ್ಲಿ ಇವುಗಳಿಗೆ ಅಷ್ಟೇನೂ ಬರವಿಲ್ಲ. ತೊಡಕಿರುವುದು ಇವನ್ನು ಒಂದರಿಂದೊಂದು ಬೇರ್ಪಡಿಸುವುದರಲ್ಲಿ.

ಅದಿರಿನಲ್ಲಿ ಒಟ್ಟಾಗಿಯೇ ದೊರೆಯುವ ಈ ಲೋಹಗಳ ರಾಸಾಯನಿಕ ಗುಣ ಬಹುತೇಕ ಒಂದೇ. ಅವುಗಳ ಅಯಾನುಗಳ ಗಾತ್ರದಲ್ಲಿ ಮಾತ್ರ ಕೂದಲೆಳೆಯ ಅಂತರ. ಆದ್ದರಿಂದಲೇ ಕಾರ್ಖಾನೆಗಳು ಆಮ್ಲ ಹಾಗೂ ಸಾವಯವ ದ್ರಾವಕಗಳನ್ನು ಬಳಸಿ ನೂರಾರು ಹಂತಗಳಲ್ಲಿ ಇವನ್ನು ಶುದ್ಧೀಕರಿಸುತ್ತವೆ. ಇದರಲ್ಲಿ ಚೀನಾದ್ದೇ ಮೇಲುಗೈ. 2025ರ ಏಪ್ರಿಲ್‌ನಲ್ಲಿ ಆ ದೇಶ ಏಳು ಲೋಹಗಳ ರಫ್ತಿನ ಮೇಲೆ ನಿಯಂತ್ರಣ ಹೇರಿದಾಗ ಭಾರತವೂ ಸೇರಿದಂತೆ ಹಲವು ದೇಶಗಳ ವಾಹನ ತಯಾರಕರು ಪೇಚಿಗೆ ಸಿಲುಕಿದರು.

ಬ್ಯಾಕ್ಟೀರಿಯಾಕ್ಕೇಕೆ ಲೋಹ?

ಮನುಷ್ಯನಿಗೆ ಕಠಿಣವೆನಿಸಿದ ಈ ಕೆಲಸದ ಒಂದು ಭಾಗವನ್ನು ಕೆಲವು ಬ್ಯಾಕ್ಟೀರಿಯಾಗಳು ಸಲೀಸಾಗಿ ಮಾಡುತ್ತಿವೆ. ಎಲೆಗಳ ಮೇಲೆ, ಮಣ್ಣಿನಲ್ಲಿ ವಾಸಿಸುವ ಇವು ಮೆಥನಾಲನ್ನು ಆಹಾರವಾಗಿ ಬಳಸುತ್ತವೆ. ಅದನ್ನು ಅರಗಿಸುವ ಒಂದು ಬಗೆಯ ಕಿಣ್ವಕ್ಕೆ ಲ್ಯಾಂಥನಮ್‌ನಂತಹ ಲೋಹ ಅತ್ಯಗತ್ಯ.

ಇಂತಹ ಬ್ಯಾಕ್ಟೀರಿಯಾವೊಂದರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಜೋಸೆಫ್ ಕೊಟ್ರುವೊ ಅವರ ತಂಡ 2018ರಲ್ಲಿ 'ಲ್ಯಾನ್‌ಮಾಡ್ಯುಲಿನ್' ಎಂಬ ಪ್ರೋಟೀನನ್ನು ಗುರುತಿಸಿತು. ಲೋಹವಿಲ್ಲದಾಗ ಇದು ಸಡಿಲ ದಾರದಂತಿರುತ್ತದೆ. ವಿರಳ ಲೋಹದ ಅಯಾನುಗಳು ಇದರ ಕುಣಿಕೆಗಳಲ್ಲಿ ಸಿಕ್ಕೊಡನೆ ಬಿಗಿಯಾಗಿ ಮಡಚಿಕೊಳ್ಳುತ್ತದೆ. ನಮ್ಮ ದೇಹದಲ್ಲಿ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನುಗಳಲ್ಲಿಯೂ ಇದೇ ಬಗೆಯ ಕುಣಿಕೆಗಳುಂಟು. ಆದರೆ ಲ್ಯಾನ್‌ಮಾಡ್ಯುಲಿನ್‌ಗೆ ಕ್ಯಾಲ್ಸಿಯಂಗಿಂತ ವಿರಳ ಲೋಹಗಳ ಮೇಲಿನ ಒಲವು ಸುಮಾರು 10 ಕೋಟಿ ಪಟ್ಟು ಹೆಚ್ಚು. ಆಮ್ಲೀಯ ದ್ರಾವಣದಲ್ಲಿಯೂ ಇದು ಹಿಡಿತ ಸಡಿಲಿಸುವುದಿಲ್ಲ.

ಜೋಡಿಯ ಗುಟ್ಟು

ವಿರಳ ಲೋಹಗಳನ್ನು ಉಳಿದವುಗಳಿಂದ ಹೆಕ್ಕಿದರಷ್ಟೇ ಸಾಲದು, ಅವನ್ನು ಪರಸ್ಪರ ಬಿಡಿಸಬೇಕು. ಓಕ್ ಮರದ ಮೊಗ್ಗಿನಲ್ಲಿ ದೊರೆತ ಇನ್ನೊಂದು ಬ್ಯಾಕ್ಟೀರಿಯಾದ ಲ್ಯಾನ್‌ಮಾಡ್ಯುಲಿನ್ ಇದಕ್ಕೆ ದಾರಿ ತೋರಿದೆ. ಗಾತ್ರದಲ್ಲಿ ದೊಡ್ಡದಾದ ಹಗುರ ಲೋಹ ಸಿಕ್ಕರೆ ಈ ಪ್ರೋಟೀನಿನ ಎರಡು ಅಣುಗಳು ಜೋಡಿಯಾಗಿ ಬಿಗಿಯುತ್ತವೆ. ಡಿಸ್ಪ್ರೋಸಿಯಮ್‌ನಂತಹ ಚಿಕ್ಕ ಅಯಾನು ಕುಳಿತಾಗ ಜೋಡಿ ದುರ್ಬಲವಾಗುತ್ತದೆ, ಲೋಹ ಬೇಗ ಕಳಚಿಕೊಳ್ಳುತ್ತದೆ. ಪ್ರಬಲ ಆಯಸ್ಕಾಂತಗಳಲ್ಲಿ ಒಟ್ಟಿಗಿರುವ ನಿಯೋಡಿಮಿಯಮ್ ಮತ್ತು ಡಿಸ್ಪ್ರೋಸಿಯಮ್‌ಗಳನ್ನು ಇದೇ ಗುಣದಿಂದ ಒಂದೇ ಹಂತದಲ್ಲಿ, ಶೇ. 98ಕ್ಕೂ ಮಿಗಿಲಾದ ಶುದ್ಧತೆಯೊಂದಿಗೆ ಬೇರ್ಪಡಿಸಿದ್ದಾಗಿ ತಂಡ 2023ರಲ್ಲಿ 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿತು.

ಆದರೆ ಇದು ಪ್ರಯೋಗಾಲಯದ ಯಶಸ್ಸು. ಗಾತ್ರದಲ್ಲಿ ಇನ್ನೂ ಹತ್ತಿರವಿರುವ ಪ್ರೇಸಿಯೋಡಿಮಿಯಮ್ ಹಾಗೂ ನಿಯೋಡಿಮಿಯಮ್‌ಗಳನ್ನು ಬಿಡಿಸುವುದು ಇದಕ್ಕಿಂತ ಕಠಿಣ. ಟನ್ನುಗಟ್ಟಲೆ ಲೋಹ ಸೋಸಲು ಪ್ರೋಟೀನ್ ಅಗ್ಗವಾಗಬೇಕು, ಮತ್ತೆ ಮತ್ತೆ ಬಳಸಿದರೂ ಕೆಡದಂತಿರಬೇಕು. ಅದು ಸಾಧ್ಯವಾದಲ್ಲಿ ಗುಜರಿ ಸೇರಿದ ಮೋಟಾರುಗಳೇ ನಾಳಿನ ಗಣಿಗಳಾದಾವು.