ಊರು ಬಿಟ್ಟ ಮೇಲೆ ಹೊರಟ ವಾರಂಟ್

ಬೆಂಗಳೂರಿನ ರಾಜಾಜಿನಗರದಲ್ಲಿ ಅಂಗಡಿ ಇಟ್ಟುಕೊಂಡವರ ಹೆಸರಿಗೆ ಚೆನ್ನೈನ ಜಾರ್ಜ್‌ಟೌನ್ ಕೋರ್ಟಿನಿಂದ ವಾರಂಟ್ ಹೊರಡುವುದು ಹೇಗೆ? ಅವರು ಆ ಊರಿಗೆ ಕಾಲಿಟ್ಟೇ ಇಲ್ಲದಿರಬಹುದು. ಉತ್ತರ 2015ರ ಒಂದು ತಿದ್ದುಪಡಿಯಲ್ಲಿದೆ. ಚೆಕ್ ಬೌನ್ಸ್ ಆದಾಗ ಕೇಸನ್ನು ಎಲ್ಲಿ ಹಾಕಬೇಕು ಎಂಬ ಬಗ್ಗೆ ಹಗ್ಗಜಗ್ಗಾಟ ನಡೆದೇ ಇತ್ತು. ಚೆಕ್ ಬರೆದವರ ಬ್ಯಾಂಕ್ ಎಲ್ಲಿದೆಯೋ ಅಲ್ಲೇ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ ಸಂಸತ್ತು ಅದನ್ನು ತಿರುವಿಹಾಕಿ, ಹಣ ಬರಬೇಕಾದವರ ಖಾತೆ ಇರುವ ಊರಿನ ಕೋರ್ಟಿಗೇ ಅಧಿಕಾರ ಕೊಟ್ಟಿತು. ಸಾಲ ಕೊಟ್ಟ ಫೈನಾನ್ಸ್ ಕಂಪನಿಯ ಖಾತೆ ಚೆನ್ನೈಯಲ್ಲಿದ್ದರೆ, ಚೆಕ್ಕಿಗೆ ಸಹಿ ಬಿದ್ದದ್ದು ಮಂಡ್ಯದಲ್ಲಾದರೂ ವಿಚಾರಣೆ ನಡೆಯುವುದು ಚೆನ್ನೈಯಲ್ಲಿ. ಚೆಕ್ಕೇ ಇಲ್ಲದೆ ಖಾತೆಯಿಂದ ತಾನಾಗಿ ಕಂತು ಕಡಿತವಾಗುವ ಏರ್ಪಾಟು ಮಾಡಿಕೊಂಡವರೂ ಪಾರಾಗುವುದಿಲ್ಲ. ಆ ಕಂತು ವಾಪಸಾದರೆ 2007ರ ಪಾವತಿ ವ್ಯವಸ್ಥೆಗಳ ಕಾಯ್ದೆಯ 25ನೇ ಕಲಂ ಅದನ್ನೂ ಚೆಕ್ ಬೌನ್ಸ್‌ನಂತೆಯೇ ಕಾಣುತ್ತದೆ.

ಮುಂದಿನ ಕಥೆ ಬಹುಪಾಲು ವಿಳಾಸದ ಕಥೆ. ಸಾಲದ ಕಾಗದದಲ್ಲಿದ್ದ ಬಾಡಿಗೆ ಮನೆಗೆ ಸಮನ್ಸ್ ಹೋಗುತ್ತದೆ. ಬಾಡಿಗೆದಾರರು ಮನೆ ಬದಲಿಸಿ ಎರಡು ವರ್ಷ ಆಗಿರುತ್ತದೆ. ‘ಆಸಾಮಿ ಸಿಕ್ಕಿಲ್ಲ’ ಎಂಬ ಷರಾ ಹೊತ್ತು ಲಕೋಟೆ ಹಿಂದಿರುಗುತ್ತದೆ. ಚೆಕ್ ಪ್ರಕರಣಗಳಲ್ಲಿ ‘ತೆಗೆದುಕೊಳ್ಳಲು ನಿರಾಕರಿಸಿದರು’ ಎಂಬ ಷರಾ ಬಂದರಂತೂ ಸಮನ್ಸ್ ಜಾರಿಯಾಗಿದೆ ಎಂದೇ ಮ್ಯಾಜಿಸ್ಟ್ರೇಟರು ಘೋಷಿಸಬಹುದು, ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಒಂದೆರಡು ವಾಯಿದೆ ಕಳೆದ ಮೇಲೆ ಬೆಂಚ್ ಕ್ಲರ್ಕ್ ಕಡತದ ಮೇಲೆ ಮೂರಕ್ಷರ ಬರೆಯುತ್ತಾರೆ: ಎನ್‌ಬಿಡಬ್ಲ್ಯು. ಜಾಮೀನುರಹಿತ ವಾರಂಟ್. ಚೆನ್ನೈ ಪತ್ರಿಕೆಗಳಲ್ಲಿ ಇದೇ ‘ಪಿಡಿವಾರಂಟ್’.

ಅತ್ತ ಮೊಬೈಲಿಗೆ ಬರುವ ‘ಡಿಜಿಟಲ್ ಅರೆಸ್ಟ್’ ವಂಚಕರ ವಾರಂಟ್‌ಗಳನ್ನು ನೋಡಿ. ಅಶೋಕ ಸ್ತಂಭ, ಕೆಂಪು ಮೊಹರು, ಸಿಬಿಐ ಹೆಸರು, ಎಲ್ಲವೂ ಅಚ್ಚುಕಟ್ಟು. ಅದನ್ನು ಕಂಡು ಹೆದರಿ ಜನ ಲಕ್ಷಗಟ್ಟಲೆ ಕಳೆದುಕೊಂಡಿದ್ದಾರೆ. ನಿಜವಾದ ವಾರಂಟ್‌ಗೆ ಇಷ್ಟು ಉತ್ಸಾಹವಿಲ್ಲ. ಅದು ನಿಮ್ಮನ್ನು ಹುಡುಕಿ ವಾಟ್ಸ್‌ಆ್ಯಪ್‌ಗೆ ಬರುವುದಿಲ್ಲ, ಹಣ ಕೇಳುವುದಿಲ್ಲ. ಕಾನೂನು ಪ್ರಕಾರ ಅದು ಬರವಣಿಗೆಯಲ್ಲಿರಬೇಕು, ನ್ಯಾಯಾಧೀಶರ ಸಹಿ ಮತ್ತು ಕೋರ್ಟಿನ ಮೊಹರು ಇರಬೇಕು. ಸಾಮಾನ್ಯವಾಗಿ ಅದು ಬರೆದಿರುವುದು ಪೊಲೀಸರಿಗೆ, ನಿಮಗಲ್ಲ. ಹಾಗಾಗಿಯೇ ಅದು ಹೊರಟದ್ದು ನಿಮಗೆ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ: ವಾರಂಟ್‌ಗೆ ವಯಸ್ಸಾಗುವುದಿಲ್ಲ. ಜಾರಿಯಾಗುವ ತನಕ ಅಥವಾ ಹೊರಡಿಸಿದ ಕೋರ್ಟೇ ರದ್ದು ಮಾಡುವ ತನಕ ಅದು ಜೀವಂತ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 70ನೇ ಕಲಂನಲ್ಲಿದ್ದ ಈ ಮಾತು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಂ ಆಗಿ ಮುಂದುವರಿದಿದೆ.

ಪಾಸ್‌ಪೋರ್ಟ್ ನವೀಕರಣಕ್ಕೆ ಅರ್ಜಿ ಹಾಕಿದಾಗಲೇ ತಮ್ಮ ಮೇಲೆ ವಾರಂಟ್ ಇರುವುದು ಹಲವರಿಗೆ ತಿಳಿಯುತ್ತದೆ. ವಾರಂಟ್ ಚಾಲ್ತಿಯಲ್ಲಿದ್ದರೆ ಪಾಸ್‌ಪೋರ್ಟ್ ನಿರಾಕರಿಸಲು 1967ರ ಕಾಯ್ದೆಯಲ್ಲೇ ಅವಕಾಶವಿದೆ. ಅಷ್ಟು ಹೊತ್ತಿಗೆ ಮಗಳ ಹೆರಿಗೆಗೆಂದು ಅಮೆರಿಕಕ್ಕೆ ಟಿಕೆಟ್ ಕೂಡ ಆಗಿರುತ್ತದೆ.

ಅದಕ್ಕಿಂತ ಮೊದಲೇ ತಿಳಿದುಕೊಳ್ಳುವ ದಾರಿ ಇದೆ, ಖರ್ಚೂ ಇಲ್ಲ. ಕೆಳಹಂತದ ಕೋರ್ಟುಗಳ ಕಡತಗಳ ಸ್ಥಿತಿಗತಿ ಇ-ಕೋರ್ಟ್ಸ್ ಜಾಲತಾಣದಲ್ಲಿ ಎಲ್ಲರಿಗೂ ತೆರೆದಿದೆ. ರಾಜ್ಯ ತಮಿಳುನಾಡು, ಜಿಲ್ಲೆ ಚೆನ್ನೈ ಎಂದು ಆರಿಸಿ, ಕೋರ್ಟ್ ಸಂಕೀರ್ಣ ಗೊತ್ತುಮಾಡಿ, ಹೆಸರು ಮತ್ತು ವರ್ಷ ಕೊಟ್ಟರಾಯಿತು. ಪ್ರತಿ ಕೇಸಿಗೂ 16 ಅಕ್ಷರ-ಅಂಕೆಗಳ ಒಂದು ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದು ಸಿಕ್ಕಿದರೆ ಮುಂದೆ ಯಾವಾಗ ಬೇಕಾದರೂ ಕೇಸನ್ನು ನೇರವಾಗಿ ತೆರೆದು ನೋಡಬಹುದು. ಪೊಲೀಸ್ ಕೇಸಾದರೆ ಠಾಣೆ ಮತ್ತು ಎಫ್‌ಐಆರ್ ಸಂಖ್ಯೆಯಿಂದಲೂ ಹುಡುಕಬಹುದು. ತೆರೆದ ಪುಟದಲ್ಲಿ ವಾಯಿದೆಗಳ ಪಟ್ಟಿ ಇರುತ್ತದೆ, ಪ್ರತಿ ದಿನಾಂಕದ ಎದುರು ಅಂದಿನ ಉದ್ದೇಶ ಬರೆದಿರುತ್ತದೆ. ‘ಹಾಜರಾತಿಗಾಗಿ’ ಎಂದಿದ್ದದ್ದು ‘ಎನ್‌ಬಿಡಬ್ಲ್ಯು ಬಾಕಿ’ ಎಂದು ಬದಲಾಗಿದ್ದರೆ ಸುದ್ದಿ ಗೊತ್ತಾಯಿತು.

ಹೇಳುವಷ್ಟು ಸಲೀಸಲ್ಲ, ಅದೂ ನಿಜ. ಚೆನ್ನೈಯಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟುಗಳು ಒಂದೇ ಕಡೆ ಇಲ್ಲ: ಎಗ್ಮೋರ್, ಸೈದಾಪೇಟೆ, ಜಾರ್ಜ್‌ಟೌನ್ ಎಂದು ಹಂಚಿಹೋಗಿವೆ. ಚೆಕ್ ಕೇಸುಗಳ ತ್ವರಿತ ಕೋರ್ಟುಗಳಲ್ಲಿ ಕೆಲವಕ್ಕೆ ಹೆಸರು ಎಗ್ಮೋರಿನದು, ಕೂರುವ ಜಾಗ ಸೆಂಟ್ರಲ್ ನಿಲ್ದಾಣದ ಸಮೀಪದ ಅಲ್ಲಿಕುಳಂ ಕಟ್ಟಡ. ಇನ್ನು ಹೆಸರಿನ ಕಾಗುಣಿತ. ನಮ್ಮ ಕೃಷ್ಣಮೂರ್ತಿ ಇಂಗ್ಲಿಷ್ ಅಕ್ಷರಗಳಲ್ಲಿ ಹತ್ತು ವೇಷ ಹಾಕಬಲ್ಲರು. ಅದರ ಮೇಲೆ ತಮಿಳುನಾಡಿನ ರೂಢಿಯಂತೆ ತಂದೆಯ ಹೆಸರಿನ ಮೊದಲಕ್ಷರ ಮುಂದೆ ಬಂದು ಕೂತಿರುತ್ತದೆ, ಶೆಟ್ಟಿ ಗೌಡಗಳು ಹಿಂದಿನಿಂದ ಉದುರಿರುತ್ತವೆ. ಪೂರ್ತಿ ಹೆಸರು ಕೊಟ್ಟು ‘ದಾಖಲೆ ಇಲ್ಲ’ ಎಂದು ಬಂದೊಡನೆ ನೆಮ್ಮದಿಯಾಗಿ ಮಲಗಬಾರದು. ಹೆಸರಿನ ಮೊದಲ ನಾಲ್ಕೈದು ಅಕ್ಷರ ಮಾತ್ರ ಕೊಟ್ಟು ನೋಡಬೇಕು. ಅಂಗಡಿಯ ಹೆಸರಿನಲ್ಲಿ ನೋಡಬೇಕು. ಚೆಕ್ ಅದರ ಹೆಸರಿನ ಖಾತೆಯದ್ದಾದರೆ ಮೊದಲ ಆರೋಪಿ ಅಂಗಡಿಯೇ ಆಗಿರುತ್ತದೆ. ಕೊಡಬೇಕಾದ ವರ್ಷ ಕೇಸು ದಾಖಲಾದದ್ದು, ವಾರಂಟ್ ಹೊರಟದ್ದಲ್ಲ. ಚೆನ್ನೈಯಲ್ಲಿ ಹೋಟೆಲ್ ನಡೆಸಿ, ಅದನ್ನು ಮುಚ್ಚಿ ಕುಂದಾಪುರಕ್ಕೋ ಉಡುಪಿಗೋ ಮರಳಿದವರು ಹಳೆಯ ಪಾಲುದಾರಿಕೆಯ ಹೆಸರಿನಲ್ಲೂ ಒಮ್ಮೆ ಹುಡುಕಿ ನೋಡುವುದು ಒಳ್ಳೆಯದು. ದಿನಸಿ ಸಗಟು ವ್ಯಾಪಾರಿಗೆ ಭದ್ರತೆಗೆಂದು ಕೊಟ್ಟ ಖಾಲಿ ಚೆಕ್ಕುಗಳನ್ನು ಮರಳಿ ಕೇಳಿ ಪಡೆದವರು ಎಷ್ಟು ಜನ?

ವಾರಂಟ್ ಇರುವುದು ಖಚಿತವಾಯಿತು ಎನ್ನಿ. ಮೊದಲ ಭಯ: ಜಾಮೀನುರಹಿತ ಎಂದರೆ ಜಾಮೀನೇ ಸಿಗದು, ಜೈಲೇ ಗತಿ. ಇದು ತಪ್ಪು. ಆ ವಿಶೇಷಣ ಅಂಟಿರುವುದು ವಾರಂಟ್‌ಗೆ, ಅಪರಾಧಕ್ಕಲ್ಲ. ಹಿಡಿದ ಪೊಲೀಸರು ತಾವೇ ಮುಚ್ಚಳಿಕೆ ಬರೆಸಿಕೊಂಡು ಬಿಡುವಂತಿಲ್ಲ, ಕೋರ್ಟಿನ ಮುಂದೆ ನಿಲ್ಲಿಸಬೇಕು ಎಂಬುದಷ್ಟೇ ಅದರ ಅರ್ಥ. ಜಾಮೀನುಸಹಿತ ವಾರಂಟ್ ಇನ್ನೊಂದು ಬಗೆ, ಅದರಲ್ಲಿ ಇಷ್ಟು ರೂಪಾಯಿಯ ಬಾಂಡ್ ಬರೆದುಕೊಟ್ಟರೆ ಬಿಡಿ ಎಂಬ ಸೂಚನೆ ವಾರಂಟ್ ಮೇಲೆಯೇ ಇರುತ್ತದೆ. ಈ ಎರಡನೆಯದಕ್ಕೆ ದೇಶ ಕಂಡ ಅತಿ ವಿಚಿತ್ರ ಉದಾಹರಣೆಗೂ ಚೆನ್ನೈಗೂ ನಂಟಿದೆ. ಮದ್ರಾಸ್ ಹೈಕೋರ್ಟಿನಿಂದ ಕಲ್ಕತ್ತಾಕ್ಕೆ ವರ್ಗವಾಗಿದ್ದ ನ್ಯಾಯಮೂರ್ತಿ ಸಿ.ಎಸ್. ಕರ್ಣನ್ ನ್ಯಾಯಾಂಗ ನಿಂದನೆ ಪ್ರಕರಣದಲ್ಲಿ ಹಾಜರಾಗದಿದ್ದಾಗ, 2017ರ ಮಾರ್ಚ್ 10ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಅವರ ವಿರುದ್ಧ 10,000 ರೂಪಾಯಿಯ ಜಾಮೀನುಸಹಿತ ವಾರಂಟ್ ಹೊರಡಿಸಿತು. ಅಧಿಕಾರದಲ್ಲಿರುವ ಹೈಕೋರ್ಟ್ ನ್ಯಾಯಮೂರ್ತಿಗೆ ವಾರಂಟ್! ಅದನ್ನು ಕೊಡಲು ಪಶ್ಚಿಮ ಬಂಗಾಳದ ಪೊಲೀಸ್ ಮಹಾನಿರ್ದೇಶಕರೇ ಅವರ ಮನೆಗೆ ಹೋಗಬೇಕಾಯಿತು. ಮೇ 9ರಂದು ಆರು ತಿಂಗಳ ಶಿಕ್ಷೆಯಾದ ಮೇಲೆ ಬಂಗಾಳದ ಪೊಲೀಸರು ಚೆನ್ನೈಗೆ ಬಂದು ಹುಡುಕಿದರು. ಕೊನೆಗೆ ಕರ್ಣನ್ ಸಿಕ್ಕಿದ್ದು ಜೂನ್ 20ರಂದು, ಕೊಯಮತ್ತೂರಿನಲ್ಲಿ, ನಿವೃತ್ತಿಯಾಗಿ ಎಂಟು ದಿನದ ಬಳಿಕ. ನಮ್ಮ ರಾಮನಗರದ ಕೋರ್ಟಿನ ವಾರಂಟ್ ಬಾಕಿ ಇರುವಾಗಲೇ ಬಿಡದಿಯ ನಿತ್ಯಾನಂದ ದೇಶದಾಚೆ ಕೂತು ಪ್ರವಚನ ಮಾಡಿದ್ದೂ ಇದೆ. ವಾರಂಟ್‌ನ ಕೈ ಕೆಲವರ ಮಟ್ಟಿಗೆ ಬಲು ಮೋಟು. ಕಂತು ತಪ್ಪಿದ ಅಂಗಡಿಯವರ ಮಟ್ಟಿಗೆ ಅದು ದೇಶದ ಯಾವ ಮೂಲೆಗೂ ಚಾಚುತ್ತದೆ.

ಹಾಗೆ ಚಾಚಿದಾಗ ಏನಾಗಬೇಕು ಎಂಬುದೂ ಕಾನೂನಿನಲ್ಲಿದೆ. ವಾರಂಟ್ ತೋರಿಸಿ ಎಂದು ಕೇಳುವುದು ಬಂಧಿತರ ಹಕ್ಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಕೋರ್ಟಿಗೆ ಹಾಜರುಪಡಿಸಬೇಕು. ಹೊರ ಜಿಲ್ಲೆಯಲ್ಲಿ ಹಿಡಿದರೆ, ವಾರಂಟ್ ಹೊರಡಿಸಿದ ಕೋರ್ಟ್ 30 ಕಿಲೋಮೀಟರಿನೊಳಗೂ ಇಲ್ಲದೆ, ಸ್ಥಳೀಯ ಮ್ಯಾಜಿಸ್ಟ್ರೇಟರಿಗಿಂತ ಹತ್ತಿರದಲ್ಲೂ ಇಲ್ಲದಿದ್ದರೆ, ಮೊದಲು ಆ ಸ್ಥಳೀಯ ಮ್ಯಾಜಿಸ್ಟ್ರೇಟರ ಅಥವಾ ಅಲ್ಲಿನ ಪೊಲೀಸ್ ವರಿಷ್ಠಾಧಿಕಾರಿ ಇಲ್ಲವೇ ಕಮಿಷನರರ ಮುಂದೆ ಕರೆದೊಯ್ಯಬೇಕು. ಬಹಳ ಜನರಿಗೆ ತಿಳಿಯದ ಸಂಗತಿ ಇದರ ಮುಂದಿನದು: ಚೆಕ್ ಬೌನ್ಸ್‌ನಂತೆ ಅಪರಾಧ ಜಾಮೀನು ಸಿಗುವಂಥದ್ದಾಗಿದ್ದು, ಆರೋಪಿ ಜಾಮೀನು ಕೊಡಲು ಸಿದ್ಧರಿದ್ದರೆ, ಆ ಸ್ಥಳೀಯ ಮ್ಯಾಜಿಸ್ಟ್ರೇಟರೇ ಅದನ್ನು ಪಡೆದು ಬಾಂಡನ್ನು ಚೆನ್ನೈಗೆ ಕಳಿಸಿಕೊಡಬೇಕು. ರಾತ್ರೋರಾತ್ರಿ ಕಾರಿನಲ್ಲಿ ಕೂರಿಸಿ ಹೊಸೂರು ದಾಟಿಸಲು ಬಂದವರ ಮುಂದೆ ಈ ಮಾತು ಎತ್ತಬಲ್ಲ ವಕೀಲರು ಪಕ್ಕದಲ್ಲಿದ್ದರೆ ಒಳ್ಳೆಯದು.

ಪೊಲೀಸರು ಬರುವ ಮೊದಲೇ ನಾವಾಗಿ ಹೋಗುವುದು ಇದಕ್ಕಿಂತ ಎಷ್ಟೋ ಮೇಲು. ವಕೀಲರು ವಕಾಲತ್ತು ಹಾಕಿ ‘ವಾರಂಟ್ ರೀಕಾಲ್’ ಅರ್ಜಿ ಸಲ್ಲಿಸುತ್ತಾರೆ. ಯಾಕೆ ಬರಲಾಗಲಿಲ್ಲ ಎಂಬ ಕಾರಣಕ್ಕೆ ಪುರಾವೆ ಬೇಕು: ಆಗಿನ ಬಾಡಿಗೆ ಕರಾರು, ಆಸ್ಪತ್ರೆಯ ಚೀಟಿ, ವಿಳಾಸ ಬದಲಾದ ಆಧಾರ್. ಸಾಮಾನ್ಯವಾಗಿ ಆರೋಪಿ ಖುದ್ದಾಗಿ ಬಂದು ಕಟಕಟೆಯಲ್ಲಿ ನಿಲ್ಲಲಿ ಎಂದೇ ಮ್ಯಾಜಿಸ್ಟ್ರೇಟರು ಬಯಸುತ್ತಾರೆ. ಆದರೆ 2022ರ ಜುಲೈ 11ರ ಸತೇಂದರ್ ಕುಮಾರ್ ಅಂತಿಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಒಂದು ಸಡಿಲಿಕೆ ಕೊಟ್ಟಿದೆ. ಏಳು ವರ್ಷ ಅಥವಾ ಅದಕ್ಕಿಂತ ಕಡಿಮೆ ಶಿಕ್ಷೆಯ ಪ್ರಕರಣಗಳಲ್ಲಿ, ವಾರಂಟ್ ಜಾರಿಯಾಗುವ ಮೊದಲೇ ಅರ್ಜಿ ಹಾಕಿ ಮುಂದಿನ ವಾಯಿದೆಗೆ ಬರುತ್ತೇನೆಂದು ಬರೆದುಕೊಟ್ಟರೆ, ಖುದ್ದು ಹಾಜರಿಗೆ ಹಟ ಹಿಡಿಯದೆ ವಾರಂಟನ್ನು ರದ್ದು ಮಾಡಬಹುದು ಇಲ್ಲವೇ ಜಾಮೀನುಸಹಿತವಾಗಿ ಬದಲಿಸಬಹುದು. ವಾರಂಟ್ ಹೊರಡಿಸುವಾಗಲೂ ಮೊದಲು ಸಮನ್ಸ್, ಆಮೇಲೆ ಜಾಮೀನುಸಹಿತ, ಕೊನೆಗೆ ಜಾಮೀನುರಹಿತ ಎಂಬ ಮೆಟ್ಟಿಲು ಹತ್ತಬೇಕು ಎಂದು ಅದೇ ನ್ಯಾಯಾಲಯ 2007ರಲ್ಲೇ ಹೇಳಿತ್ತು. ನಿಮ್ಮ ಕಡತದಲ್ಲಿ ನಡುವಿನ ಮೆಟ್ಟಿಲು ಹಾರಿಹೋಗಿದ್ದರೆ ಅದನ್ನು ಅರ್ಜಿಯಲ್ಲಿ ಬರೆಸಬೇಕು.

ಕನ್ನಡಿಗರು ಎಡವುವುದು ಜಾಮೀನುದಾರರ ವಿಷಯದಲ್ಲಿ. ನಮ್ಮಲ್ಲಿ ಪಹಣಿ ಹಿಡಿದು ಬಂದವರು ಶ್ಯೂರಿಟಿ ನಿಂತರೆ ಕೆಲಸ ಆಗುತ್ತದೆ. ಚೆನ್ನೈಯಲ್ಲಿ ಕೇಳುವುದು ರೇಷನ್ ಕಾರ್ಡು, ಮನೆ ತೆರಿಗೆ ರಸೀದಿಯಂಥವು. ಇಬ್ಬರು ಜಾಮೀನುದಾರರಲ್ಲಿ ಒಬ್ಬರು ರಕ್ತಸಂಬಂಧಿ ಇರಲಿ ಎಂಬ ಷರತ್ತೂ ಉಂಟು. ಕನ್ನಡದಲ್ಲಿರುವ ಪಹಣಿಯನ್ನು ಅಲ್ಲಿನ ಗುಮಾಸ್ತರು ಓದಲಾರರು. ಕೋರ್ಟಿನ ಮುಂದೆ ಬಾಡಿಗೆ ಜಾಮೀನುದಾರರನ್ನು ಒದಗಿಸುತ್ತೇವೆ ಎನ್ನುವವರು ಸಿಗುತ್ತಾರೆ, ಅವರ ಸಹವಾಸ ಬೇಡ. ಸುಳ್ಳು ದಾಖಲೆ ಕೊಟ್ಟ ಇನ್ನೊಂದು ಕೇಸು ಮೈಮೇಲೆ ಬರುತ್ತದೆ. ಕೈಯಲ್ಲಿ ಹಣವಿದ್ದರೆ ಜಾಮೀನುದಾರರ ಬದಲು ನಗದು ಭದ್ರತೆ ಇಡಲು ಅನುಮತಿ ಕೇಳಬಹುದು. ವಕೀಲರನ್ನು ಇಡುವ ಶಕ್ತಿ ಇಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100 ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರು ದೊರೆಯುತ್ತಾರೆ.

ರದ್ದಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಮುಂಬೈಯ ವಕೀಲರೊಬ್ಬರ ಮೇಲಿನ ವಾರಂಟ್ 2002ರ ಆಗಸ್ಟ್ 12ರಂದು ರದ್ದಾಗಿತ್ತು. ಆಗಸ್ಟ್ 15ರಂದು, ಸ್ವಾತಂತ್ರ್ಯ ದಿನವೇ, ಅದೇ ವಾರಂಟ್ ಹಿಡಿದು ಬಂದ ಇನ್‌ಸ್ಪೆಕ್ಟರ್ ಅವರನ್ನು ಬಂಧಿಸಿದರು. ಆ ಪ್ರಕರಣ ಸುಪ್ರೀಂ ಕೋರ್ಟ್ ತನಕ ಹೋಗಿ, ವಾರಂಟ್‌ಗಳಿಗೆ ಕ್ರಮಸಂಖ್ಯೆ ಇರಬೇಕು, ಕೋರ್ಟಿನಲ್ಲೂ ಠಾಣೆಯಲ್ಲೂ ರಿಜಿಸ್ಟರ್ ಇಡಬೇಕು, ರದ್ದಾದ ಆದೇಶ ಕೂಡಲೇ ಪೊಲೀಸರಿಗೆ ತಲುಪಬೇಕು ಎಂಬ ನಿರ್ದೇಶನಗಳು 2011ರಲ್ಲಿ ಬಂದವು. ನಿರ್ದೇಶನ ಬಂದ ಮಾತ್ರಕ್ಕೆ ಪ್ರತಿ ಠಾಣೆಯ ರಿಜಿಸ್ಟರ್ ತಿದ್ದಿಕೊಳ್ಳುತ್ತದೆ ಎಂದು ನಂಬುವಷ್ಟು ಮುಗ್ಧರು ನಾವಲ್ಲ. ರೀಕಾಲ್ ಆದೇಶದ ದೃಢೀಕೃತ ನಕಲಿಗೆ ಅಂದೇ ಅರ್ಜಿ ಹಾಕಿ, ಒಂದು ಪ್ರತಿಯನ್ನು ವಾರಂಟ್ ಹೋಗಿದ್ದ ಠಾಣೆಗೆ ಕೊಟ್ಟು ಸ್ವೀಕೃತಿ ಸಹಿ ಪಡೆಯಬೇಕು, ಇನ್ನೊಂದನ್ನು ಕೇಸು ಮುಗಿಯುವ ತನಕ ಜೊತೆಗಿಟ್ಟುಕೊಳ್ಳಬೇಕು. ಅದೇ ದಿನ ಹೊಸ ವಿಳಾಸವನ್ನು ಮೆಮೊ ಮೂಲಕ ಕಡತಕ್ಕೆ ಸೇರಿಸಿ, ಪ್ರತಿ ವಾಯಿದೆಗೂ ಬರಲಾಗದವರು ಖುದ್ದು ಹಾಜರಿಯಿಂದ ವಿನಾಯಿತಿ ಕೋರಬಹುದು. ಚೆಕ್ ಕೇಸು ರಾಜಿಗೆ ಒಗ್ಗುವಂಥದ್ದು. ಬಾಕಿ ಮೊತ್ತಕ್ಕೆ ಕಂಪನಿ ಒಪ್ಪಿದರೆ ಮುಂದಿನ ರಾಷ್ಟ್ರೀಯ ಲೋಕ ಅದಾಲತ್‌ಗೆ ಕಡತವನ್ನು ಕಳಿಸಿ ಎಂದು ಅದೇ ಮ್ಯಾಜಿಸ್ಟ್ರೇಟರನ್ನೇ ಕೇಳಬಹುದು.