ಮರೆವಿನ ಕಾಯಿಲೆಯೂ ಅಡಿಗೆಯ ಪಾತ್ರೆಯೂ



‘ಅರವತ್ತಕ್ಕೆ ಅರಳು ಮರಳು’ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಮನೆಯ ಯಜಮಾನರು ಕನ್ನಡಕ ಇಟ್ಟ ಜಾಗ ಮರೆತರೆ ಹೀಗೆಂದು ನಕ್ಕು ಸುಮ್ಮನಾಗಬಹುದು. ಆದರೆ ನಿನ್ನೆ ಬಟವಾಡೆ ಮಾಡಿದ ಕೂಲಿಯನ್ನು ಇಂದು ಮತ್ತೆ ಕೊಡಹೊರಟರೆ, ನಲವತ್ತು ವರ್ಷ ಓಡಾಡಿದ ತೋಟದಲ್ಲೇ ದಾರಿ ತಪ್ಪಿದರೆ, ಅದನ್ನು ವಯಸ್ಸಿನ ಮೇಲೆ ಹಾಕಿ ಕೈಬಿಡುವುದು ಸರಿಯಲ್ಲ. ಅದು ಕಾಯಿಲೆ ಇರಬಹುದು.

ಇಂತಹ ಕಾಯಿಲೆಗಳಲ್ಲಿ ಮುಖ್ಯವಾದುದು ಆಲ್ಝೈಮರ್. ಇದನ್ನು 1906ರಲ್ಲಿ ಮೊದಲು ವಿವರಿಸಿದವರು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಝೈಮರ್. ಮೆದುಳಿನಲ್ಲಿ ಕೆಲವು ಬಗೆಯ ಪ್ರೋಟೀನುಗಳು ಗಡ್ಡೆಗಟ್ಟಿ, ನರಕೋಶಗಳು ಕ್ರಮೇಣ ಸಾಯುತ್ತವೆ. 2023ರಲ್ಲಿ ಪ್ರಕಟವಾದ ಅಂದಾಜಿನಂತೆ, ನಮ್ಮ ದೇಶದಲ್ಲಿ 60 ದಾಟಿದವರ ಪೈಕಿ ಶೇಕಡ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ, ಒಂದಲ್ಲ ಒಂದು ಬಗೆಯ ಮರೆವಿನ ಕಾಯಿಲೆ ಇದೆ.

ಮೈಸೂರಿನ ಸಂಶೋಧನೆ

ಈ ಕಾಯಿಲೆಗೂ ಅಲ್ಯೂಮಿನಿಯಂ ಪಾತ್ರೆಗೂ ನಂಟಿದೆಯೇ ಎಂಬ ಪ್ರಶ್ನೆ ಹಳೆಯದು. 1965ರಲ್ಲಿ ಅಲ್ಯೂಮಿನಿಯಂ ಲವಣವನ್ನು ಮೊಲಗಳ ಮೆದುಳಿಗೆ ಚುಚ್ಚಿದಾಗ ನರಕೋಶಗಳು ಕೆಟ್ಟುದು ಕಂಡುಬಂದಿತು. ಅಲ್ಲಿಂದ ಅನುಮಾನ ಬಲವಾಯಿತು. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದಲ್ಲಿ ಡಾ. ಕೆ.ಎಸ್. ಜಗನ್ನಾಥ ರಾವ್ ಅವರು ಈ ವಿಷಯವನ್ನೇ ಕೈಗೆತ್ತಿಕೊಂಡರು. ಪಾತ್ರೆಯಿಂದ ಆಹಾರಕ್ಕೆ ಅಲ್ಯೂಮಿನಿಯಂ ಇಳಿಯುವ ಬಗೆಯನ್ನು ಅಳೆದು 1995ರಲ್ಲಿ ಪ್ರಕಟಿಸಿದರು. 2002ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ.ಎ. ವಿಶ್ವಮಿತ್ರ ಮೊದಲಾದವರ ಜೊತೆ ಸೇರಿ, ರೋಗ ಬಲಿತವರ ಮೆದುಳಿನ ನೆನಪಿನ ಭಾಗದಲ್ಲಿ ಡಿಎನ್‌ಎ ಎಳೆಯ ಸುತ್ತೇ ಬದಲಾಗಿರುವುದನ್ನು ತೋರಿಸಿದರು. ಮುಂದೆ ಅವರು ಪನಾಮಾ ದೇಶದ ಸಂಶೋಧನಾ ಸಂಸ್ಥೆಯೊಂದರ ನಿರ್ದೇಶಕರಾದರು.

ಪಾತ್ರೆಯ ವಿಚಾರ ಬೆಳೆಗಾರರಿಗೆ ಸುಲಭವಾಗಿ ಅರ್ಥವಾಗುತ್ತದೆ. ಹುಳಿ ಮಣ್ಣಿನಲ್ಲಿ ಅಲ್ಯೂಮಿನಿಯಂ ಕರಗಿ ಬೇರಿಗೆ ತೊಂದರೆ ಕೊಡುತ್ತದೆ. ಅದಕ್ಕೇ ಕಾಫಿ ತೋಟಕ್ಕೆ ಸುಣ್ಣ ಹಾಕುತ್ತೇವೆ. ಪಾತ್ರೆಯಲ್ಲಿಯೂ ಹಾಗೆಯೇ. ಹುಣಿಸೆ, ಟೊಮೆಟೊ, ಉಪ್ಪು ಸೇರಿದ ಸಾರನ್ನು ಬಹಳ ಹೊತ್ತು ಕುದಿಸಿ ಅದರಲ್ಲೇ ಇಟ್ಟರೆ ಲೋಹ ಹೆಚ್ಚು ಕರಗುತ್ತದೆ. ಆದರೆ ನುಂಗಿದ ಅಲ್ಯೂಮಿನಿಯಂನಲ್ಲಿ ಶೇಕಡ ಒಂದಕ್ಕಿಂತಲೂ ಕಡಿಮೆ ಭಾಗ ಮಾತ್ರ ರಕ್ತಕ್ಕೆ ಸೇರುತ್ತದೆ. ಮೂತ್ರಪಿಂಡ ಸರಿಯಿದ್ದರೆ ಅದರ ಬಹುಪಾಲು ಹೊರಹೋಗುತ್ತದೆ. ಪಾತ್ರೆಯಿಂದಲೇ ಆಲ್ಝೈಮರ್ ಬರುತ್ತದೆಂಬುದು ಇಂದಿನವರೆಗೂ ಸಿದ್ಧವಾಗಿಲ್ಲ. ಆದ್ದರಿಂದ ಪಾತ್ರೆಗಳನ್ನೆಲ್ಲ ಎಸೆಯಬೇಕಿಲ್ಲ. ಹುಳಿ ಪದಾರ್ಥಕ್ಕೆ ಸ್ಟೀಲ್ ಅಥವಾ ಮಣ್ಣಿನ ಪಾತ್ರೆ ಬಳಸಿದರೆ ಸಾಕು.

ಆಹಾರದಿಂದ ಏನಾಗುತ್ತದೆ?

ಸೊಪ್ಪು, ಕಾಳು, ಹಣ್ಣುಗಳು ಹೆಚ್ಚಿರುವ ಆಹಾರಕ್ರಮವನ್ನು ಅಮೆರಿಕದಲ್ಲಿ ಮೂರು ವರ್ಷ ಪರೀಕ್ಷಿಸಿದರು. 2023ರ ಫಲಿತಾಂಶದಲ್ಲಿ, ಅದನ್ನು ಪಾಲಿಸಿದವರಿಗೂ ಹಳೆಯ ಊಟವನ್ನೇ ಸ್ವಲ್ಪ ಕಡಿಮೆ ಮಾಡಿ ಉಂಡವರಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಆದರೆ 2015ರಲ್ಲಿ ಪ್ರಕಟವಾದ ಫಿನ್ಲೆಂಡಿನ ಪ್ರಯೋಗದಲ್ಲಿ ಒಳ್ಳೆಯ ಆಹಾರದ ಜೊತೆಗೆ ವ್ಯಾಯಾಮ, ಬುದ್ಧಿಗೆ ಕೆಲಸ, ರಕ್ತದೊತ್ತಡದ ನಿಗಾ ಎಲ್ಲವೂ ಸೇರಿದಾಗ ಎರಡು ವರ್ಷದಲ್ಲಿ ಪ್ರಯೋಜನ ಕಂಡಿತು. ಗೊಬ್ಬರವೊಂದನ್ನೇ ಹಾಕಿ ನೀರು, ನೆರಳು ಮರೆತರೆ ತೋಟ ಏಳುವುದಿಲ್ಲವಷ್ಟೆ.

ಕಾಫಿಯ ಬಗ್ಗೆಯೂ ಒಂದು ಮಾತು. ನಡುವಯಸ್ಸಿನಲ್ಲಿ ದಿನಕ್ಕೆ 3ರಿಂದ 5 ಬಟ್ಟಲು ಕಾಫಿ ಕುಡಿದವರಲ್ಲಿ ಮುಂದೆ ಮರೆವಿನ ಕಾಯಿಲೆ ಕಡಿಮೆ ಇತ್ತೆಂದು 2009ರಲ್ಲಿ ಫಿನ್ಲೆಂಡಿನಿಂದ ವರದಿಯಾಯಿತು. ಸಂತೋಷದ ಸುದ್ದಿಯೇ. ಆದರೆ ಕಾಫಿಯೇ ಅದಕ್ಕೆ ಕಾರಣವೆಂದು ಇದರಿಂದ ಹೇಳಲಾಗದು, ಕಾಫಿ ಔಷಧಿಯಲ್ಲ.

ಗಮನಿಸಬೇಕಾದ ಮುಖ್ಯ ಸಂಗತಿ

ಎಲ್ಲ ಮರೆವೂ ಆಲ್ಝೈಮರ್ ಅಲ್ಲ. ಬಿ-12 ಜೀವಸತ್ವದ ಕೊರತೆಯಿಂದಲೂ, ಥೈರಾಯ್ಡ್ ತೊಂದರೆಯಿಂದಲೂ, ಮನಸ್ಸಿನ ಖಿನ್ನತೆಯಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ಬಿ-12 ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿದೆ. ಸೊಪ್ಪು, ತರಕಾರಿ, ಕಾಳುಗಳಿಂದ ಸಿಗದು. ಹಲ್ಲು ಹೋಗಿ, ಹಸಿವು ಕುಗ್ಗಿ, ಗಂಜಿ ತಿಳಿಸಾರಿನಲ್ಲೇ ದಿನ ದೂಡುವ ಹಿರಿಯರಿಗೆ ಇದು ಸಾಲದೆ ಬರಬಹುದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲಿಯೂ ಇದು ಕಡಿಮೆಯಾಗುತ್ತದೆ. ಹಾಗೆಂದು ಮಾತ್ರೆ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು. ಕೊರತೆಯನ್ನು ರಕ್ತ ಪರೀಕ್ಷೆಯಿಂದ ತಿಳಿಯಬಹುದು. ತಡಮಾಡಿದರೆ ನರಗಳಿಗಾದ ಹಾನಿ ಪೂರ್ತಿ ವಾಸಿಯಾಗದೆ ಉಳಿಯಬಹುದು.

ಆದ್ದರಿಂದ ಸದಸ್ಯರು ಈ ಕೆಳಗಿನವನ್ನು ಗಮನದಲ್ಲಿಡಬೇಕು:

1. ಹಿರಿಯರಲ್ಲಿ ಮರೆವು ಹೆಚ್ಚುತ್ತಿದ್ದರೆ ವೈದ್ಯರಿಗೆ ತೋರಿಸಿ, ಬಿ-12 ಹಾಗೂ ಥೈರಾಯ್ಡ್ ಪರೀಕ್ಷೆಯ ಬಗ್ಗೆ ಕೇಳಿ.

2. ರಕ್ತದೊತ್ತಡ, ಸಕ್ಕರೆ ಹತೋಟಿಯಲ್ಲಿರಲಿ. ಕಿವಿ ಮಂದವಾಗಿದ್ದರೆ, ಕಣ್ಣಿಗೆ ಪೊರೆ ಬಂದಿದ್ದರೆ ಉಪೇಕ್ಷಿಸಬೇಡಿ. ಬೀಡಿ, ಮದ್ಯ ಬಿಡಿ.

3. ಹಿರಿಯರನ್ನು ಜಗಲಿಯ ಮೂಲೆಗೆ ಕೂರಿಸಬೇಡಿ. ತೋಟಕ್ಕೆ ಕರೆದೊಯ್ಯಿರಿ, ಮಾತನಾಡಿಸಿ, ಲೆಕ್ಕ ಕೇಳಿ.

ಎಲೆ ಹಳದಿಯಾದರೆ ‘ಮರಕ್ಕೆ ವಯಸ್ಸಾಯಿತು’ ಎಂದು ನಾವು ಸುಮ್ಮನಿರುವುದಿಲ್ಲ. ಬುಡ ಕೆದಕಿ ಬೇರು ನೋಡುತ್ತೇವೆ. ಆ ತೋಟವನ್ನು ಕಟ್ಟಿದವರ ವಿಷಯದಲ್ಲೂ ಅಷ್ಟೇ ಎಚ್ಚರಿಕೆ ಇರಲಿ.